ಟವಲ್ಲಿಲ್ಲದ ವ್ಯಾಪಾರ

ಗುಟ್ಟು ಎಲ್ಲೂ ಸೋರಬಾರದು. ಬಂಡೂರಿನಲ್ಲಿ ಸೋದರಮಾವ ಬೋರಯ್ಯನ ಜಗಲಿಯ ಮೇಲೆ ಕೂತಿದ್ದ ಶಿವರಾಜು ಫೋನನ್ನು ಇನ್ನೊಮ್ಮೆ ನೋಡಿದ.

ಸಂತೆಯಲ್ಲಿ ಕುರಿ ವ್ಯಾಪಾರವೆಂದರೆ ಟವಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು. ಪಕ್ಕದಲ್ಲಿ ನಿಂತವನಿಗೂ ತಿಳಿಯದು. ಅದನ್ನೇ ಫೋನಿಗೆ ತಂದಿದ್ದ ಶಿವರಾಜು. ಮದ್ದೂರಿನ ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ ನಂಬಿ, ಫೋನಿನಿಂದ ಫೋನಿಗೆ ಹೋಗುವ ಮಾತಿಗೆ ಬೀಗ ಹಾಕುವ, ಯಾವ ಆ್ಯಪ್‌ಗಾದರೂ ಜೋಡಿಸಬಹುದಾದ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ಎರಡು ವರ್ಷ ಕೂತು ಬರೆದಿದ್ದ. ಇವತ್ತು ಅದರ ಮೊದಲ ವ್ಯಾಪಾರ, ಮಾವನ ಟಗರು. ಫೋನಿನಲ್ಲಿ ಆಗಲೇ ಯಾರೋ ಬೆಲೆ ಕೇಳಿದ್ದರು. ಕೆಟ್ಟರೆ ಮಳವಳ್ಳಿಯ ದಲ್ಲಾಳಿಗಳ ಮುಂದೆ ತಲೆ ಎತ್ತುವಂತಿಲ್ಲ.

“ಟವಲ್ ಅಡೀಲಿ ಕೈ ಮುಟ್ಟುದ್ರೆ ಸಾಕು, ಯಾರ್ದು ಅಂತ ಗೊತ್ತಾಯ್ತದೆ. ಇದ್ರಲ್ಲಿ ಯಾವನ್ಲಾ ಅವ್ನು?” ಎಂದ ಬೋರಯ್ಯ.

“ಯಾಪಾರ ಕುದುರೋಗಂಟ ಎಸ್ರು ಕಾಣಕ್ಕಿಲ್ಲ ಮಾವ. ಬೀಗ ಮಾತ್ರ ಗಟ್ಟಿಯಾಗದೆ.”

“ಸರಿ, ಮೂವತ್ತು ಸಾವ್ರ ಅನ್ನು. ಬೆಳಗ್ಗಿಂದ ಮೇವು ಮುಟ್ಟಿಲ್ಲ, ಅದುನ್ನ ಏಳ್ಬ್ಯಾಡ.” ಬೋರಯ್ಯನದು ಗದ್ದೆಯಲ್ಲಿ ಪಳಗಿದ ಗಂಟಲು, ಪಿಸುಗುಟ್ಟಿದರೂ ಹಟ್ಟಿಗೆಲ್ಲ ಕೇಳುತ್ತಿತ್ತು.

ಶಿವರಾಜು ಮೂವತ್ತು ಸಾವಿರ ಎಂದಷ್ಟೇ ಒತ್ತಿದ. ಉತ್ತರ ಬಂತು: ‘ಮೇವು ಮುಟ್ಟದ ಟಗರಿಗೆ ಅಷ್ಟು ಯಾಕೆ?’

ಶಿವರಾಜು ಬೆಚ್ಚಿದ. ಬೀಗ ನೋಡಿದ, ಕೀಲಿ ನೋಡಿದ. ಎಲ್ಲ ಸರಿಯಿತ್ತು. ತನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಿರಬೇಕು. ಯಾವಾಗಲೂ ತಪ್ಪು ಮಾಡುವವನು ತಾನೇ ಅಲ್ಲವೇ?

“ಅಂಕಮ್ಮಾ, ಕಾಪಿ ತತ್ತಾ!” ಬೋರಯ್ಯ ಒಳಗಿದ್ದ ಹೆಂಡತಿಯನ್ನು ಕೂಗಿದ. ಕಾಪಿ ಬರಲಿಲ್ಲ. “ಇವ್ಳೊಬ್ಳು, ಫೋನ್ ಕೈಗ್ ಬಂದಾಗಿಂದ ಕಿವುಡಿ. ಲೋ, ಇಪ್ಪತ್ತೈದು ಅನ್ನು. ಇಪ್ಪತ್ತಾದ್ರೂ ಕೊಟ್ಬುಡ್ತೀನಿ, ಅದು ನಮ್ಮೊಳಗೇ ಇರ್ಲಿ.”

ಶಿವರಾಜು ಇಪ್ಪತ್ತೈದು ಎಂದು ಒತ್ತಿದ.

‘ಇಪ್ಪತ್ತು. ಆಗದಿದ್ದರೆ ಬಿಡಿ.’

“ಅಯ್ಯೋ ನಿನ್ ಬೀಗುಕ್ಕೆ ಬೆಂಕಿ ಬೀಳ!” ಬೋರಯ್ಯ ತೊಡೆ ತಟ್ಟಿಕೊಂಡ. “ತೂತ್ ಮಡಕೇಲಿ ನೀರಿಟ್ಟಂಗಾಯ್ತಲ್ಲಲಾ!”

“ತಪ್ಪಾಯ್ತು ಮಾವ. ಈಗ್ಲೇ ಎಲ್ಲಾ ಅಳಿಸಾಕ್ಬುಡ್ತೀನಿ.” ಶಿವರಾಜು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಎರಡು ವರ್ಷದ ದುಡಿಮೆ.

“ಆಮ್ಯಾಕೆ ಅಳಿಸೀಯೆ. ಇಪ್ಪತ್ತುಕ್ಕೆ ಒಪ್ಕೊ. ಟಗರು ಎಲ್ಗೆ ಒಡ್ಕೊಂಡ್ ಬರ್ಬೇಕು, ಕೇಳು.”

ಶಿವರಾಜು ಇಪ್ಪತ್ತಕ್ಕೆ ಒಪ್ಪಿ, ಕೇಳಿದ. ಪರದೆಯ ಮೇಲೆ ಉತ್ತರ ಮೂಡಿತು:

‘ಎಲ್ಗೂ ಬ್ಯಾಡ, ಕೊಟ್ಟಿಗೇಲೇ ಇರ್ಲಿ, ಬಾಟ್ಲಿ ಆಲು ಕುಡ್ಸಿ ಸಾಕಿರೋ ಮರೀನ ಮಾರಕ್ಕೆ ಬುಡ್ತೀನಾ? ಅಳಿಮಯ್ಯನ್ನೂ ಕರ್ಕೊಂಡು ಒಳಕ್ ಬಾ, ಮುದ್ದೆ ಆರೋಯ್ತದೆ.’