ಗೋಡೆಯಾಚೆಯ ಮೋಟಾರು

ಪಾಲಾದ ಮೇಲೆ ಹಳೇ ಮನೆಯ ನಡುವೆ ಗೋಡೆ ಎದ್ದಿತ್ತು. ವೈರಿಂಗ್ ಮಾತ್ರ ಅಪ್ಪ ಮಾಡಿಸಿದ್ದೇ ಉಳಿದಿತ್ತು.

ಆಚೆ ಅಣ್ಣ ನೀರಿನ ಮೋಟಾರು ಹಾಕಿದಾಗಲೆಲ್ಲ ಈಚೆ ತಮ್ಮನ ಕಂಪ್ಯೂಟರು ಗುಂಯ್‌ಗುಡುತ್ತಿತ್ತು. ಯುಪಿಎಸ್ ತೆಗೆದು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ. ಹೊಸ ಪವರ್ ಸಪ್ಲೈ ಹಾಕಿಸಿದ. ಸದ್ದು ಹೋಗಲಿಲ್ಲ.

ಇವತ್ತೂ ಮೋಟಾರು ಶುರುವಾಯಿತು.

"ನಮ್ಮ ಲೈನಿಂದ ಕರೆಂಟ್ ಕದೀತಿದ್ದಾನೆ ಕಣೇ. ನಮ್ಮ ಮೇನ್ ಆಫ್ ಮಾಡು, ಮೋಟಾರು ನಿಲ್ಲುತ್ತೆ ನೋಡು."

"ನಿಂತರೆ?"

"ಕಂಪ್ಲೇಂಟ್ ಕೊಡ್ತೀನಿ."

"ಸ್ವಂತ ಅಣ್ಣನ ಮೇಲೆ?"

"ಯಾರಾದರೇನು, ಕಳ್ಳ ಕಳ್ಳನೇ."

ಹೆಂಡತಿ ಮೇನ್ ಆಫ್ ಮಾಡಿದಳು. ದೀಪ ಆರಿತು, ಫ್ಯಾನ್ ನಿಂತಿತು.

"ಮೋಟಾರು ನಿಂತಿತಾ?"

"ಓಡ್ತಾನೇ ಇದೆ ರೀ," ಎಂದಳು. "ನಿಮ್ಮ ಕಂಪ್ಯೂಟರೂ."