ಮೊಣಕೈ ಗುರುತು

ಸ್ನಾನಗೃಹದಲ್ಲಿ ಬಿಯಾನ್ ಹೆಗಲ ಮೇಲಿನ ಟವೆಲ್ ತೆಗೆದದ್ದೇ ತಡ, ಗುರುವಿನ ಬೆನ್ನು ಉಜ್ಜುತ್ತಿದ್ದ ಗೆಂಗ್‌ನ ಕೈ ನಿಂತುಬಿಟ್ಟಿತು. ಹೊಸ ಶಿಷ್ಯನ ಎದೆಗೂಡಿನ ಕೆಳಗೆ, ಹೊಟ್ಟೆ ಶುರುವಾಗುವ ಕಡೆ, ಅಂಗೈಯಗಲ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಏನೋ ಅದು?"

"ಗುರುಗಳ ಮೊಣಕೈ ಅಣ್ಣ! ನಿನ್ನೆ ಬೆಳಗ್ಗೆ ಕೊಟ್ರು." ಬಿಯಾನ್ ಆ ಕಲೆಯನ್ನು ಪದಕ ಸವರಿದ ಹಾಗೆ ಸವರಿಕೊಂಡ. "ಉಸಿರೇ ನಿಂತುಹೋಯ್ತು. ರಾತ್ರಿ ಊಟಾನೂ ಸೇರ್ಲಿಲ್ಲ."

"ಪಾಪ," ಎಂದ ಗೆಂಗ್. ಅವನ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಬಾಜಿ ಎಂಬ ಕೈಕಾಳಗ ಕಲಿಸುವ ಯಿನ್ ಗುರುವಿನ ಮನೆತನದಲ್ಲಿ ಮೊಣಕೈ ವಿದ್ಯೆಯನ್ನು ಬಾಯಲ್ಲಿ ಹೇಳಿಕೊಡುವ ಪದ್ಧತಿ ಇಲ್ಲ. ಗುರು ಅದನ್ನು ಒಮ್ಮೆ ಶಿಷ್ಯನ ಮೈಮೇಲೆ ಇಡುತ್ತಾನೆ; ಏಟು ತಿಂದ ಮೈ ತಾನೇ ಕಲಿಯುತ್ತದೆ. ಮುಷ್ಟಿ, ಅಂಗೈ, ಭುಜ ಎಲ್ಲ ಶಿಷ್ಯರಿಗೂ ಸಿಗುತ್ತವೆ. ಮೊಣಕೈ ಮಾತ್ರ ಗುರು ಯಾರನ್ನು ತನ್ನವನು ಅಂದುಕೊಂಡನೋ ಅವನಿಗೆ. ಗೆಂಗ್ ತಲೆಗೂದಲು ಕಪ್ಪಿದ್ದಾಗ ಸೇರಿದವನು. ಅಂಗಳ ಗುಡಿಸಿದ್ದ, ಗುರುಪತ್ನಿ ತೀರಿಕೊಂಡಾಗ ಹೆಗಲು ಕೊಟ್ಟಿದ್ದ, ವಾರವಾರವೂ ಗುರುವನ್ನು ಈ ಸ್ನಾನಗೃಹಕ್ಕೆ ಕರೆತಂದು ತಾನೇ ಬೆನ್ನು ಉಜ್ಜುತ್ತಿದ್ದ. ಆದರೂ ಅವನ ಹೊಟ್ಟೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಗುರುವಿಗೋ ವಯಸ್ಸಾಗಿತ್ತು. ಇನ್ನೊಂದು ಚಳಿಗಾಲ ಕಳೆದರೆ ಆ ತೋಳಿನಲ್ಲಿ ಕೊಡಲು ಏನು ಉಳಿದಿರುತ್ತದೋ ಯಾರಿಗೆ ಗೊತ್ತು.

"ನಿಮ್ಗೆ ಕೊಟ್ಟಾಗ ಎಷ್ಟು ದಿನ ನೋವಿತ್ತು ಅಣ್ಣ?" ಬಿಯಾನ್ ಸಹಜವಾಗಿಯೇ ಕೇಳಿದ.

"ಹೋಗು, ಚಹಾ, ಜೊತೆಗೆ ತಿನ್ನೋಕೆ ಮೂಲಂಗಿ ತರೋಕೆ ಹೇಳು. ಮೂಲಂಗಿ ತೆಳ್ಳಗೆ ಹೆಚ್ಚಿರ್ಬೇಕು. ನೀನೇ ನಿಂತು ಹೆಚ್ಚಿಸ್ಕೊಂಡು ಬಾ."

ಬಿಯಾನ್ ಚಪ್ಪಲಿ ಸರಪರ ಎನ್ನಿಸುತ್ತ ಹೋದ. ಗೆಂಗ್ ಮತ್ತೆ ಉಜ್ಜತೊಡಗಿದ. ಒರಟು ಬಟ್ಟೆಯ ಕೆಳಗೆ ಮುದುಕನ ಬೆನ್ನು ಕೆಂಪೇರಿತು.

"ಲೋ, ಬೆನ್ನು ಉಜ್ತಿದ್ದೀಯೋ, ಗೆಣಸಿನ ಸಿಪ್ಪೆ ತೆಗೀತಿದ್ದೀಯೋ?"

"ನಿನ್ನೆ ಮೊನ್ನೆ ಬಂದೋನಿಗೆ ಕೊಟ್ರಿ," ಎಂದ ಗೆಂಗ್. "ನಾನು ನಿಮ್ಮ ಕಣ್ಣಿಗೇ ಬೀಳಲ್ವಾ ಗುರುಗಳೇ? ಬೇರೆ ಮನೆತನದೋರು ಕೇಳ್ತಾರೆ, ಹಿರೇ ಶಿಷ್ಯ ಅಂತೀಯಲ್ಲ, ಎಲ್ಲಿ ಮೊಣಕೈ ತೋರ್ಸು ಅಂತ. ಬಾಯಿ ಮುಚ್ಕೊಂಡು ಎದ್ದು ಬರ್ತೀನಿ."

"ನಿನಗೂ ಕೊಟ್ಟಿದ್ದೆ."

"ಯಾವಾಗ?"

"ನಮ್ಮ ಹಳೇ ಅಂಗಳದ ಮನೆ ಕೆಡವೋಕೆ ಮುಂಚೆ. ಕೊಡೋಕೆ ಅಂತ್ಲೇ ಬಂದೆ, ನೀನು ತಡೆದೆ." ಮುದುಕ ನಿಧಾನವಾಗಿ ಅವನ ಕಡೆ ತಿರುಗಿ ಕೂತ. "ಚೆನ್ ಹಳ್ಳಿಯ ಮನೆತನದವರ ಮೊಣಕೈ ಹಿಟ್ಟು ನಾದೋ ಹಾಗೆ ಸುತ್ತಿ ಬರುತ್ತೆ. ನಮ್ಮದು ಬಾಗಿಲಿಗೆ ಅಗುಳಿ ಹಾಕಿದ ಹಾಗೆ, ನೆಟ್ಟಗೆ. ಅವತ್ತು ನಿನ್ನ ಮೊಣಕೈ ಮೇಲಿಂದ ಇಳೀತು, ನನ್ನ ತೋಳನ್ನ ಕೆಳಕ್ಕೆ ಅದುಮಿಬಿಡ್ತು. ಅದು ದಕ್ಷಿಣದವರ ಮೊಣಕೈ. ನಾನು ಕಲಿಸದೇ ಇರೋದು ನಿನ್ನ ಮೈಗೆ ಹೇಗೆ ಬಂತೋ?"

ಗೆಂಗ್ ಬೆಪ್ಪಾದ. ಯಾರಿಗೂ ಗೊತ್ತಿಲ್ಲ ಎಂದೇ ಅವನು ನಂಬಿದ್ದ. ದಕ್ಷಿಣದ ಫೋಷಾನ್‌ನಿಂದ ಬಂದು ಸೋಫಾ ಅಂಗಡಿ ಹಾಕಿದ್ದ ಕ್ವೋಕ್ ಎಂಬವನ ಗೋದಾಮಿನಲ್ಲಿ, ಒಂದಿಡೀ ಚಳಿಗಾಲ ಕದ್ದುಮುಚ್ಚಿ ಕಲಿತಿದ್ದ.

"ನೀವು ಕೊಡ್ಲಿಲ್ಲ, ಅದಕ್ಕೇ ಹೋದೆ."

"ನಾನು ಕೊಡೋಣ ಅಂತಿದ್ದೆ, ನೀನು ಹೋದೆ."

ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಯಾರೋ ಸುಖವಾಗಿ ನಿಟ್ಟುಸಿರು ಬಿಟ್ಟರು.

"ಆ ಸೋಫಾದವನು ಒಳ್ಳೇ ಆಟಗಾರನಾ?" ಮುದುಕ ಬಟ್ಟೆಯ ನೀರು ಹಿಂಡುತ್ತ, ಬೇರೆ ಯಾವುದೋ ವಿಷಯ ಕೇಳುವವನ ಹಾಗೆ ಕೇಳಿದ. ಸೋಫಾ ಅಂಗಡಿಯ ಸಂಗತಿಯೂ ಅವನಿಗೆ ಮೊದಲೇ ಗೊತ್ತಿತ್ತು.

"ಪರವಾಗಿಲ್ಲ."

"ಅವನೂ ಹೊಡೆದೇ ಕಲಿಸಿದನಾ?"

"ಹೂಂ."

"ಎಲ್ಲಿ? ತೋರಿಸು."

ಗೆಂಗ್ ಎಡ ಕೊರಳೆಲುಬಿನ ಕೆಳಗೆ ಬೆರಳಿಟ್ಟ. ಅಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಉಳಿದಿರಲಿಲ್ಲ. ಮುದುಕ ಅವನ ಬೆರಳನ್ನು ಸರಿಸಿ ತನ್ನ ಹೆಬ್ಬೆರಳು ಇಟ್ಟು ತಡಕಿದ. ಗುರುವಿನ ಮುಖ ಇಷ್ಟು ಸಮೀಪ ಬಂದಾಗಲೇ ಗೆಂಗ್‌ಗೆ ಹೊಳೆದದ್ದು: ಇಷ್ಟು ವರ್ಷ ಹೊಟ್ಟೆಕಿಚ್ಚಿನಲ್ಲಿ ಬೆಂದವನು ತಾನೊಬ್ಬನೇ ಅಲ್ಲ.

"ಈಗ್ಲೂ ನೋಯುತ್ತಾ?"

ನೋಯದೆ ಏನು. ಚಳಿ ಶುರುವಾದರೆ ಸಾಕು, ಡ್ರೈವರ್ ಕೆಲಸದಲ್ಲಿ ಬಸ್ಸಿನ ಸ್ಟೀರಿಂಗ್ ತಿರುಗಿಸುವಾಗಲೆಲ್ಲ ಅಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಹೆಂಡತಿ ಹಚ್ಚದ ಎಣ್ಣೆಯಿಲ್ಲ, ಅಂಟಿಸದ ಪಟ್ಟಿಯಿಲ್ಲ.

"ಇಲ್ಲ ಗುರುಗಳೇ. ವಾರದಲ್ಲೇ ಹೋಯ್ತು."

"ಒಂದೇ ವಾರಕ್ಕೆ!" ಮುದುಕನ ಮುಖ ಅರಳಿತು. "ಅದೂ ಒಂದು ಮೊಣಕೈಯೇನೋ! ಹೋಗಲಿ ಬಿಡು. ನಾಳೆ ಬೆಳಗ್ಗೆ ಬಾ. ಏನೂ ತಿನ್ನದೆ ಬಾ, ಇಲ್ಲಾಂದ್ರೆ ಎಲ್ಲ ಕಕ್ಕಿಬಿಡ್ತೀಯ."

ಗೆಂಗ್ ತಲೆ ಬಾಗಿಸಿದ. ಕೇಳಿದ್ದು ಸಿಕ್ಕೇಬಿಟ್ಟಿತ್ತು. ಆದರೆ ಹೆಬ್ಬೆರಳು ಮಾತ್ರ ಅವನ ಕೊರಳೆಲುಬು ಬಿಟ್ಟು ಕದಲಲಿಲ್ಲ.

"ಹೀಗೆ ಒತ್ತಿದ್ರೂ ಇಲ್ವಾ?"

"ಇಲ್ಲ."

"ಹೀಗೆ?"

"ಊಹೂಂ, ಏನೂ ಇಲ್ಲ," ಎಂದ ಗೆಂಗ್. ಅವನು ಹಲ್ಲು ಬಿಟ್ಟು ನಗುತ್ತಲೇ ಇದ್ದ, ಕಣ್ಣಿಂದ ಎರಡು ಸಾಲು ನೀರು ಗಲ್ಲಕ್ಕೆ ಇಳಿದಿತ್ತು.