ಗೇಟಿನಲ್ಲಿ ಬಿಟ್ಟ ಚಪ್ಪಲಿ

ದಾರಿ ಬಲ್ಲ ಚಪ್ಪಲಿಗಳು ಬಂದ ಮೇಲೆ ಯಾರೂ ತಿರುವು ಆರಿಸಿದ್ದಿಲ್ಲ; ಹೋಗುವ ಜಾಗ ಹೇಳಿದರೆ ಸಾಕು, ಅವೇ ನಡೆಸಿಕೊಂಡು ಹೋಗುತ್ತಿದ್ದವು. ಕಾಡಿಗೆ ಹೋಗುವಾಗ ಮಾತ್ರ, ಗುಡಿಗೆ ಹೋದಂತೆ, ಗೇಟಿನಲ್ಲೇ ಬಿಡಬೇಕು. ನೀಲಾಂಬಿಕೆ ತನ್ನ ಚಪ್ಪಲಿ ಬಿಟ್ಟು ಒಬ್ಬಳೇ ಒಳಹೊಕ್ಕಳು. ಮೊದಲ ಕವಲಿನಲ್ಲಿ ಕಾಲು ತಾನಾಗಿ ತಿರುಗೀತೆಂದು ಕಾದು ಅರ್ಧ ದಿನ ನಿಂತೇ ಇದ್ದಳು.

ಐದನೇ ದಿನ ಮೈಯೆಲ್ಲ ತರಚಿಕೊಂಡು ಗೇಟಿಗೆ ಬಂದಳು.

"ದಾರಿ ತಪ್ಪಿತೇನ್ರಿ ಅಕ್ಕಾರ?" ಕಾವಲುಗಾರ ಬಸಲಿಂಗಪ್ಪ ಕೇಳಿದ.

"ನಾಕ ಸಲ ತಪ್ಪಿತು. ಮೂರನೇ ಸಲ ತಪ್ಪಿದಾಗ ಒಂದು ಝರಿ ಸಿಕ್ತು ನೋಡ್ರಿ."

ಚಪ್ಪಲಿ ಮೆಟ್ಟಿ "ಮನೆಗೆ" ಅಂದಳು. ಅವು ಬಲಕ್ಕೆ, ಬಸ್ ನಿಲ್ದಾಣದತ್ತ ಎಳೆದವು. ಎಡಕ್ಕೆ, ಹುಲ್ಲಿನ ನಡುವೆ, ಸವೆದ ಕಾಲುದಾರಿಯೊಂದು ಕಂಡಿತು.

ಬಸಲಿಂಗಪ್ಪ ತಲೆಯೆತ್ತಿ ನೋಡಿದಾಗ, ನಿಲ್ದಾಣದತ್ತ ಚಪ್ಪಲಿಗಳಷ್ಟೇ ನಡೆದು ಹೋಗುತ್ತಿದ್ದವು.